ಸುಬೇದಾರರ ಅಂಚೆ: ಅಟ್ಟದ ಮೇಲಿನ ಕಪ್ಪು ಟ್ರಂಕು

ಮಾಜಿ ಸೈನಿಕರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳಿಗೆ, ಸೇನೆಯ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಿಂದ ನಿವೃತ್ತರಾಗಿ ಪುಣೆಯ ಖಡಕಿಯಲ್ಲಿ ನೆಲೆಸಿರುವ ಸುಬೇದಾರರೊಬ್ಬರು ಉತ್ತರಿಸುವ ಅಂಕಣ. ಈ ಸಲದ ಪತ್ರಗಳೆಲ್ಲ ಹಳೆಯ ವರ್ದಿ, ಮೆಡಲ್‌ಗಳ ಬಗ್ಗೆ.

ಪ್ರಶ್ನೆ: ನಮ್ಮ ಮನೆಯವರು 1968ರಲ್ಲಿ ಫೌಜಿಗೆ ಭರ್ತಿಯಾಗಿ 1987ರಲ್ಲಿ ಹವಾಲ್ದಾರರಾಗಿ ಪೆನ್ಶನ್ ಮೇಲೆ ಬಂದರು. ಹೋದ ವರ್ಷ ತೀರಿಕೊಂಡರು. ನಮ್ಮ ಬಿಲ್ಡಿಂಗ್ ಈಗ ರೀಡೆವಲಪ್‌ಮೆಂಟಿಗೆ ಹೋಗಿದ್ದು, ಸಣ್ಣ ಬಾಡಿಗೆ ಮನೆಗೆ ಹೋಗಬೇಕಾಗಿದೆ. ಅಟ್ಟದ ಮೇಲೆ ಅವರ ಕಪ್ಪು ಟ್ರಂಕು ಇದೆ. ಅದರಲ್ಲಿ ವರ್ದಿ, ಬೂಟು, ಜರ್ಸಿ, ಬೆರೆಟ್ ಟೋಪಿ, ಒಂದಿಷ್ಟು ಕಾಗದ, ನಕ್ಷತ್ರದ ಹಾಗೆ ಐದು ಮೂಲೆ ಇರುವ ಒಂದು ಮೆಡಲ್, ದುಂಡನೆಯ ನಾಲ್ಕು ಮೆಡಲ್ ಇವೆ. ಮಕ್ಕಳು ಭಂಗಾರದವನಿಗೆ (ಗುಜರಿಯವನಿಗೆ) ಹಾಕಿಬಿಡು ಅನ್ನುತ್ತಾರೆ. 20 ವರ್ಷದ ಮೆಡಲ್ ಇರಬೇಕಿತ್ತು, ಯಾರೋ ಹೊಡೆದಿದ್ದಾರೆ ಅಂತ ಮೈದುನ ಗಲಾಟೆ ಮಾಡುತ್ತಾನೆ. ಏನು ಇಟ್ಟುಕೊಳ್ಳಲಿ, ಏನು ಬಿಡಲಿ?
— ಓದುಗರು, ವಿಶ್ರಾಂತವಾಡಿ (ಮೂಲ ಊರು ಮುಧೋಳ)

ಉತ್ತರ: ಅಕ್ಕಾರೆ, ಮೊದಲು ನಿಮ್ಮ ಮೈದುನರ ತಕರಾರು ಮುಗಿಸೋಣ. 1968ರಿಂದ 1987ಕ್ಕೆ ಆಗುವುದು 19 ವರ್ಷ. 20 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಅವರಿಗೆ ಬರುವ ಹಾಗೇ ಇರಲಿಲ್ಲ, ಯಾರೂ ಹೊಡೆದಿಲ್ಲ. 9 ವರ್ಷದ್ದು ಬಂದಿರಬೇಕು, ದುಂಡನೆಯ ನಾಲ್ಕರಲ್ಲಿ ಹುಡುಕಿ. ಐದು ಮೂಲೆಯದು 1971ರ ಯುದ್ಧದ್ದು. ಪೂರ್ವದ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟರು. 1965ರ ಯುದ್ಧಕ್ಕೂ ಸಮರ್ ಸೇವಾ ಸ್ಟಾರ್ ಅಂತ ಇಂಥದೇ ನಕ್ಷತ್ರ ಇತ್ತು, ಆದರೆ ಆಗ ನಿಮ್ಮವರು ಭರ್ತಿಯೇ ಆಗಿರಲಿಲ್ಲ. ಉಳಿದ ದುಂಡನೆಯವುಗಳಲ್ಲಿ ಒಂದು ಸಂಗ್ರಾಮ್ ಮೆಡಲ್, ಅದೂ 1971ರದ್ದೇ. ಇನ್ನೊಂದು ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ್ದಕ್ಕೆ 1972ರಲ್ಲಿ ನೌಕರಿಯಲ್ಲಿದ್ದವರಿಗೆ ಕೊಟ್ಟದ್ದು. ಮಿಕ್ಕ ಒಂದು ಬಹುಶಃ ಸೈನ್ಯ ಸೇವಾ ಮೆಡಲ್. ಅದರ ರಿಬ್ಬನ್ನಿಗೆ ಅಡ್ಡಲಾಗಿ ಸಣ್ಣ ಲೋಹದ ಪಟ್ಟಿ ಇದ್ದರೆ ಓದಿ ನೋಡಿ. ಜಮ್ಮು-ಕಾಶ್ಮೀರವೋ, ಹಿಮಾಲಯವೋ, ಮರುಭೂಮಿಯೋ, ಅಲ್ಲೇ ಬರೆದಿರುತ್ತದೆ. ಕಾಗದದಲ್ಲಿ ಅವರು ನಿಮಗೆ ತಿಳಿಸದೇ ಇದ್ದ ಜಾಗ ಅಲ್ಲಿ ಸಿಕ್ಕೀತು.

ಈಗ ಟ್ರಂಕು ಇಳಿಸಿ ತಳದಿಂದ ನೋಡುತ್ತ ಬನ್ನಿ. ಫೌಜಿಯವನು ಕಾಗದಪತ್ರ ಇಡುವುದು ತಳದಲ್ಲೇ. ಡಿಸ್ಚಾರ್ಜ್ ಬುಕ್, ಪೆನ್ಶನ್ ಆದೇಶದ ಪಿಪಿಓ, ಗುರುತಿನ ಚೀಟಿ, ಹಳೆಯ ಗ್ರೂಪ್ ಫೋಟೋ, ಏನಿದ್ದರೂ ಅವನ್ನು ಪ್ರತ್ಯೇಕ ಫೈಲಿಗೆ ಹಾಕಿ, ಒಂದೊಂದು ಜೆರಾಕ್ಸ್ ಮಗನ ಮನೆಯಲ್ಲೂ ಇರಲಿ. ಕುಟುಂಬ ಪೆನ್ಶನ್ನಿಗೆ, ಮಾಜಿ ಸೈನಿಕರ ವೈದ್ಯಕೀಯ ಯೋಜನೆಯಾದ ಇಸಿಎಚ್‌ಎಸ್‌ನ ಆಸ್ಪತ್ರೆಗೆ, ಕ್ಯಾಂಟೀನ್ ಕಾರ್ಡಿಗೆ ನಿಮ್ಮನ್ನು ಕೇಳುವುದು ಈ ಕಾಗದಗಳನ್ನೇ, ಮೆಡಲ್ ಅಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಿಮ್ಮ ಹೆಸರು ಆಧಾರಿನಲ್ಲಿದ್ದ ಹಾಗೇ ಇದೆಯೇ ಅಂತ ಇವತ್ತೇ ನೋಡಿ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ನಮ್ಮ ಕಡೆ ಇದೆ. ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಇನ್ನೊಂದು ಕಡೆ ಬಿದ್ದು ಎಷ್ಟೋ ಹೆಣ್ಣುಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ನೋಡಿದ್ದೇನೆ. ವ್ಯತ್ಯಾಸ ಇದ್ದರೆ ಜಿಲ್ಲಾ ಸೈನಿಕ ಕಚೇರಿಗೆ ಹೋಗಿ, ಅವರು ದಾರಿ ಹೇಳುತ್ತಾರೆ.

ಮೆಡಲ್ ಐದೂ ಇಟ್ಟುಕೊಳ್ಳಿ. ಈ ವಿಷಯದಲ್ಲಿ ಚರ್ಚೆಯೇ ಬೇಡ. ಭಂಗಾರದವನ ತಕ್ಕಡಿಯಲ್ಲಿ ಅವಕ್ಕೆ ಒಂದು ಕಪ್ ಚಹಾದ ದುಡ್ಡೂ ಬರುವುದಿಲ್ಲ ಅಂತ ಮಕ್ಕಳಿಗೆ ಹೇಳಿ. ಪರಮವೀರ ಚಕ್ರವೇ ಕಂಚಿನದು. ಅದಕ್ಕಿಂತ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರ ಬೆಳ್ಳಿಯವು. ಕಾರವಾರದ ಚೆಂಡಿಯಾದ ರಾಮ ರಾಘೋಬಾ ರಾಣೆಯವರು ನಮ್ಮ ಬಾಂಬೆ ಸ್ಯಾಪರ್ಸ್ ಗ್ರೂಪಿನವರೇ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯ ಕಡೆ ಟ್ಯಾಂಕುಗಳಿಗೆ ದಾರಿ ಮಾಡಿಕೊಡಲಿಕ್ಕೆ ಗುಂಡಿನ ಮಳೆಯಲ್ಲಿ ಮೈನ್ (ನೆಲಬಾಂಬು) ಕಿತ್ತು, ಅಡ್ಡ ಬಿದ್ದ ಮರ ಸರಿಸಿದವರು. ಅವರಿಗೆ ಸಿಕ್ಕದ್ದು ಅದೇ ಕಂಚು, ಅದರ ಮೇಲೆ ಇಂದ್ರನ ನಾಲ್ಕು ವಜ್ರಾಯುಧ. ಲೋಹದ ಲೆಕ್ಕ ಹಾಕುವುದಾದರೆ ಅವರೂ ಮೋಸ ಹೋದ ಹಾಗೆ!

ಇನ್ನು ವರ್ದಿ. ಇಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಎಲ್ಲ ವರ್ದಿ ಇಟ್ಟುಕೊಳ್ಳಬೇಕಾಗಿಲ್ಲ. ನಾನು ಜವಾನರಿಗೆ ಬಟ್ಟೆ, ಸಾಮಾನು ಕೊಡುವ ಕ್ವಾರ್ಟರ್ ಮಾಸ್ಟರ್ ಸ್ಟೋರಿನಲ್ಲಿ ಕೆಲಸ ಮಾಡಿದವನು. ಅಲ್ಲಿ ಬಟ್ಟೆ ಸವೆದರೆ ಬದಲಿಸುತ್ತಿದ್ದೆವು, ಪೂಜೆ ಮಾಡುತ್ತಿರಲಿಲ್ಲ. ಬೆರೆಟ್ ಮತ್ತು ಅದರ ಬ್ಯಾಜು, ಹೆಸರಿನ ಪಟ್ಟಿ, ತೋಳಿನ ಮೂರು ಪಟ್ಟಿ, ದಳದ ಹೆಸರಿರುವ ಭುಜದ ಟೈಟಲ್, ಭುಜಕ್ಕೆ ಹಾಕುವ ಹುರಿ ಅಂದರೆ ಲ್ಯಾನ್ಯಾರ್ಡ್, ಬೆಲ್ಟಿನ ಹಿತ್ತಾಳೆ ಬಕಲ್, ಇವೆಲ್ಲ ಸೇರಿ ಒಂದು ಡಬ್ಬಿಯಲ್ಲಿ ಹಿಡಿಯುತ್ತವೆ. ಒಂದು ಜೊತೆ ವರ್ದಿ ಬೇಕೆನಿಸಿದರೆ ಚೆನ್ನಾಗಿರುವುದನ್ನು ಆರಿಸಿಕೊಳ್ಳಿ. ಬೂಟು ಬಿಡಿ. ಇಷ್ಟು ವರ್ಷದಲ್ಲಿ ಅದರ ರಬ್ಬರು ಸೋಲು ಪುಡಿಯಾಗಿರುತ್ತದೆ.

ಉಳಿದ ಬಟ್ಟೆಯನ್ನು ಇದ್ದ ಹಾಗೇ ಯಾರಿಗೂ ಕೊಡಬೇಡಿ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರ ಮೈಮೇಲೆ ಇದ್ದದ್ದು ಫೌಜಿ ವೇಷ. ಅದರ ಬೆನ್ನಿಗೇ ಸೈನ್ಯದ ನಮೂನೆಯ ಬಟ್ಟೆ ಸಾರ್ವಜನಿಕರು ತೊಡಬೇಡಿ, ಅಂಗಡಿಯವರು ಮಾರಬೇಡಿ ಅಂತ ಸೇನೆ ಕೇಳಿಕೊಂಡಿತು. ಹಾಗಾಗಿ ಬ್ಯಾಜು, ಪಟ್ಟಿ, ಗುಂಡಿ ಎಲ್ಲ ಬಿಚ್ಚಿ, ಹೊಲಿಗೆ ಕಿತ್ತು, ಬಟ್ಟೆಯನ್ನು ತುಂಡು ಮಾಡಿ. ಮುಧೋಳದವರಿಗೆ ನಾನು ಕೌದಿ ಹೊಲಿಯುವುದು ಹೇಳಿಕೊಡಬೇಕೇ? ನನ್ನ ಆಲಿವ್ ಹಸಿರಿನ ಓ.ಜಿ. ಅಂಗಿಗಳೆಲ್ಲ ನಮ್ಮ ಮನೆಯಲ್ಲಿ ಕೌದಿಯಾಗಿವೆ. ನಮ್ಮಾಕೆ ನಡುವೆ ಇಳಕಲ್ ಸೀರೆಯ ತುಂಡು, ಸುತ್ತಲೂ ಹಸಿರು ಹಾಕಿ, ಎಡ ಎದೆಯ ಒಂದು ಜೇಬನ್ನು ಬಿಚ್ಚದೆ ಹಾಗೇ ಹೊಲಿದಿದ್ದಾಳೆ. ಮೊಮ್ಮಗ ಅದರಲ್ಲಿ ಟಿವಿ ರಿಮೋಟು ಅಡಗಿಸುತ್ತಾನೆ. ಪುಣೆಯ ಡಿಸೆಂಬರಿಗೆ ಅಷ್ಟು ಬೆಚ್ಚಗಿನ ಹೊದಿಕೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಖಾಲಿ ಟ್ರಂಕನ್ನು ಬಾಡಿಗೆ ಮನೆಗೆ ಒಯ್ಯಿರಿ. ಮುಚ್ಚಳದ ಮೇಲೆ ಅವರ ನಂಬರು, ಹೆಸರು ಬಿಳಿ ಬಣ್ಣದಲ್ಲಿ ಬರೆದಿರುತ್ತದಲ್ಲ, ಅದನ್ನು ಅಳಿಸಿ ಪೇಂಟ್ ಹೊಡೆಸಬೇಡಿ. ಅಕ್ಕಿ-ಜೋಳ ತುಂಬಲಿಕ್ಕೆ ಅದಕ್ಕಿಂತ ಗಟ್ಟಿ ಪೆಟ್ಟಿಗೆ ಇಲ್ಲ.

ಪ್ರಶ್ನೆ: ನಮ್ಮ ಮಾವನವರು ಆನರರಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಅವರ ಮೆಡಲ್‌ಗಳು ಮಳೆಗಾಲದಲ್ಲಿ ಕಪ್ಪಾಗಿವೆ, ಉಣ್ಣೆ ಕೋಟಿಗೆ ತೂತು ಬಿದ್ದಿದೆ. ಮೆಡಲ್‌ಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲೇ, ಪೀತಾಂಬರಿ ಪುಡಿ ಹಾಕಲೇ, ಬ್ರಾಸೋ ಪಾಲಿಶ್ ಹಚ್ಚಲೇ? ಅವರ 80ನೇ ಹುಟ್ಟುಹಬ್ಬಕ್ಕೆ ಫ್ರೇಮ್ ಮಾಡಿಸಿ ಕೊಡಬೇಕೆಂದಿದ್ದೇವೆ.
— ಓದುಗರು, ನಿಗಡಿ

ಉತ್ತರ: ತಂಗೀ, ಮೂರೂ ಬೇಡ. ದೇವರ ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಸರಿ, ಮೆಡಲ್ಲಿಗೆ ಅಲ್ಲ. ಅದರ ಹುಳಿ ಲೋಹವನ್ನು ತಿನ್ನುತ್ತದೆ, ಪುಡಿ ಗೀಚುತ್ತದೆ. ಬ್ರಾಸೋ ಬೆಲ್ಟಿನ ಬಕಲ್ಲಿಗೆ, ಗುಂಡಿಗೆ ಮಾತ್ರ. ಪರೇಡಿನ ಹಿಂದಿನ ರಾತ್ರಿ ಅದನ್ನು ತಿಕ್ಕಿಯೇ ನಮ್ಮ ಅರ್ಧ ಆಯಸ್ಸು ಕಳೆದಿದೆ. ಮೆಡಲ್ ಮೇಲೆ ಅದನ್ನು ಉಜ್ಜಿದರೆ ವರ್ಷ ವರ್ಷ ಅಕ್ಷರ ಸವೆಯುತ್ತವೆ, ಸಂದಿಗಳಲ್ಲಿ ಬಿಳಿ ಪುಡಿ ಕೂತು ಹೋಗುವುದೇ ಇಲ್ಲ. ಒಣಗಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ಸಾಕು. ಕಪ್ಪು ಇದ್ದರೆ ಇರಲಿ. 80 ವರ್ಷದವರ ಮೆಡಲ್ ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯಬೇಕು ಅಂತ ಯಾಕೆ ಹಟ? ಮುಟ್ಟುವಾಗ ಅಂಚು ಹಿಡಿಯಿರಿ. ಬೆರಳಿನ ಬೆವರು ಬೆಳ್ಳಿಯ ಮೇಲೆ ಹೆಬ್ಬೆಟ್ಟಿನ ಗುರುತು ಒತ್ತಿ ಬಿಡುತ್ತದೆ.

ರಿಬ್ಬನ್ ತೊಳೆಯಬೇಡಿ, ಬಣ್ಣ ಒಂದಕ್ಕೊಂದು ಇಳಿಯುತ್ತದೆ. ತೀರಾ ಜೀರ್ಣವಾಗಿದ್ದರೆ ಹೊಸ ರಿಬ್ಬನ್ ಹಾಕಿಸಿ, ಪುಣೆ ಕ್ಯಾಂಪಿನ ಕಡೆ ಮಿಲಿಟರಿ ಟೇಲರ್‌ಗಳನ್ನು ಕೇಳಿದರೆ ಸಿಗುತ್ತದೆ. ಹಳೆಯ ರಿಬ್ಬನ್ ಎಸೆಯದೆ ಒಂದು ಲಕೋಟೆಯಲ್ಲಿಡಿ.

ಉಣ್ಣೆಗೆ ತೂತು ಮಾಡಿದ್ದು ನುಸಿ. ಅದಕ್ಕೆ ಬೆವರಿನ ವಾಸನೆಯ ಉಣ್ಣೆಯೇ ಇಷ್ಟ. ಹಾಗಾಗಿ ತೊಳೆದು ಅಥವಾ ಡ್ರೈಕ್ಲೀನ್ ಮಾಡಿಸಿ, ಪೂರ್ತಿ ಒಣಗಿಸಿಯೇ ಒಳಗಿಡಬೇಕು. ಹತ್ತಿಯ ವರ್ದಿಯಾದರೆ ಗಂಜಿ ಹಾಕಿ ಇಸ್ತ್ರಿ ಮಾಡಿ ಇಡುವುದು ನಮ್ಮವರ ಚಟ. ಗಂಜಿ ಅಂದರೆ ಬೆಳ್ಳಿಹುಳಕ್ಕೆ ಊಟದ ಎಲೆ ಹಾಕಿದ ಹಾಗೆ. ಗಂಜಿ ತೆಗೆದು ಇಡಿ. ಹಿತ್ತಾಳೆ ಗುಂಡಿಯನ್ನು ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಕಿಲುಬು ಹತ್ತಿ ಬಟ್ಟೆಯ ಮೇಲೆ ಹಸಿರು ಕಲೆ ಕೂರುತ್ತದೆ, ಅದು ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿಯುತ್ತದೆ. ನ್ಯೂಸ್‌ಪೇಪರೂ ಬೇಡ. ತೊಳೆದ ಹಳೆಯ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಯ ಪೊಟ್ಟಣ ಇಟ್ಟು, ಮಡಿಕೆಯ ಜಾಗವನ್ನು ವರ್ಷಕ್ಕೊಮ್ಮೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ. ಜುಲೈನಲ್ಲಿ ಕಬ್ಬಿಣದ ಟ್ರಂಕು ಒಳಗೊಳಗೇ ಬೆವರುತ್ತದೆ. ನೆಲಕ್ಕೆ ತಾಗದ ಹಾಗೆ ಕೆಳಗೆ ಎರಡು ಮರದ ಹಲಗೆ ಕೊಡಿ, ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಬಂದ ಮೇಲೆ ಎಲ್ಲವನ್ನೂ ನೆರಳಿನಲ್ಲಿ ಗಾಳಿಗೆ ಹಾಕಿ.

ಫ್ರೇಮ್ ಬಗ್ಗೆ. ಅಂಗಡಿಯವನು ಮೆಡಲ್ ಹಿಂದೆ ಗೋಂದು ಹಚ್ಚಿ ಅಂಟಿಸಲಿಕ್ಕೆ ಬರುತ್ತಾನೆ, ಕೈ ಹಿಡಿದುಕೊಳ್ಳಿ! ರಿಬ್ಬನ್ನನ್ನು ದಾರದಿಂದ ಹೊಲಿಯಬೇಕು, ಗಾಜಿಗೂ ಮೆಡಲ್ಲಿಗೂ ನಡುವೆ ಒಂದು ಬೆರಳು ಜಾಗ ಬಿಡಬೇಕು. ಫ್ರೇಮಿಗೆ ಹೋಗುವ ಮೊದಲು ಪ್ರತಿ ಮೆಡಲ್ಲಿನ ಮುಂದೆ, ಹಿಂದೆ ಮತ್ತು ಅಂಚಿನ ಫೋಟೋ ತೆಗೆದಿಟ್ಟುಕೊಳ್ಳಿ, ಅಂಚಿನ ಬರಹ ಆಮೇಲೆ ಕಾಣುವುದಿಲ್ಲ. ಸಾಲನ್ನು ನೀವೇ ನಿರ್ಧರಿಸಬೇಡಿ, ಹೊಳೆಯುವುದು ನಡುವೆ ಬರಲಿ ಅಂತ ಜೋಡಿಸಿಬಿಡುತ್ತಾರೆ. ಮೆಡಲ್‌ಗಳಿಗೆ ಹಿರಿ-ಕಿರಿ ಕ್ರಮ ಇದೆ, ನೋಡುವವರ ಎಡಗಡೆಗೆ ಬರುವುದೇ ದೊಡ್ಡದು. ಮಾವನವರ ಕೊನೆಯ ದಿನಗಳ ವರ್ದಿಯ ಫೋಟೋ ಇರುತ್ತದಲ್ಲ, ಎದೆಯ ರಿಬ್ಬನ್ ಸಾಲು ನೋಡಿ ಹಾಗೇ ಜೋಡಿಸಿ. ತೂಗು ಹಾಕುವಾಗ ಮಳೆನೀರು ಜಿನುಗುವ ಹೊರಗೋಡೆ ಬೇಡ, ನೇರ ಬಿಸಿಲು ಬೀಳುವ ಕಡೆ ಬೇಡ, ದೇವರ ದೀಪದ ಮಸಿ ತಾಗುವಲ್ಲಿಯೂ ಬೇಡ. ಮತ್ತು ಫ್ರೇಮ್ ಮಾಡಿಸುವ ಮುಂಚೆ ಅವರನ್ನೇ ಒಂದು ಮಾತು ಕೇಳಿ. ಕೆಲವರಿಗೆ ಮೆಡಲ್ ಗೋಡೆ ಹತ್ತುವುದು ಇಷ್ಟವಾಗುವುದಿಲ್ಲ, 26 ಜನವರಿಗೆ ಕೋಟಿನ ಮೇಲೆ ಹಾಕಿಕೊಂಡು ಹೋಗಬೇಕಿರುತ್ತದೆ.

ಪ್ರಶ್ನೆ: ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಾಯಕ್ ಆಗಿ ನಿವೃತ್ತನಾಗಿ ಹಿಂಜವಡಿಯ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದೇನೆ. ದೊಡ್ಡ ಸಾಹೇಬರು ಬರುವ ದಿನ ಹಳೆಯ ಕಾಂಬ್ಯಾಟ್ ವರ್ದಿ (ಮಚ್ಚೆಮಚ್ಚೆಯ ಯುದ್ಧದ ಉಡುಪು) ಹಾಕಿಕೊಂಡು, ಮೆಡಲ್ ತಗುಲಿಸಿಕೊಂಡು ಗೇಟಿನಲ್ಲಿ ನಿಲ್ಲು ಅಂತ ಏಜೆನ್ಸಿಯ ಮಾಲೀಕ ಹೇಳುತ್ತಾನೆ. ನಿಲ್ಲಬಹುದೇ?
— ಓದುಗರು, ವಾಕಡ್

ಉತ್ತರ: ನಿಲ್ಲಬೇಡಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯ 21ನೇ ಕಲಂ ಇದಕ್ಕೆಂದೇ ಇದೆ. ಖಾಸಗಿ ಗಾರ್ಡು ಸೈನ್ಯದ ಅಥವಾ ಪೊಲೀಸರ ವರ್ದಿ, ಇಲ್ಲವೇ ಅದರಂತೆ ಕಾಣುವ ಬಟ್ಟೆ ತೊಟ್ಟರೆ ಗಾರ್ಡಿಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮಾಲೀಕನಿಗೂ ಅನ್ನುವ ಮಾತನ್ನು ಅವನ ಎದುರಿಗೆ ಸ್ವಲ್ಪ ಗಟ್ಟಿಯಾಗಿ ಓದಿ. ನೀವು ನಿಜವಾಗಿ ಫೌಜಿನಲ್ಲಿದ್ದವರು ಅನ್ನುವುದು ಇಲ್ಲಿ ರಕ್ಷಣೆಯಲ್ಲ. ಈಗ ನೀವು ಸೇವೆಯಲ್ಲಿಲ್ಲ, ಅಷ್ಟೇ.

ಈಗಿನ ಹೊಸ ಕಾಂಬ್ಯಾಟ್ ವರ್ದಿಯನ್ನಂತೂ ಮುಟ್ಟಲೇಬೇಡಿ. 2022ರ ಜನವರಿ 15ರ ಸೇನಾ ದಿನದ ಪರೇಡಿನಲ್ಲಿ ಮೊದಲು ಕಂಡ ಆ ಚುಕ್ಕೆಚುಕ್ಕೆಯ ನಮೂನೆಯನ್ನು ಸೇನೆ ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಿದೆ. ಬಜಾರಿನಲ್ಲಿ ಹೊಲಿದು ಮಾರುವ ಹಾಗಿಲ್ಲ.

ಮೆಡಲ್ ನಿಮ್ಮದು. 15 ಆಗಸ್ಟಿಗೆ, ಯುದ್ಧ ಸ್ಮಾರಕಕ್ಕೆ, ರೆಜಿಮೆಂಟಿನ ದಿನಕ್ಕೆ, ಮಾಜಿ ಸೈನಿಕರ ರ‍್ಯಾಲಿಗೆ ನಿಮ್ಮ ಸ್ವಂತ ಕೋಟಿನ ಎಡ ಎದೆಗೆ ಹಾಕಿಕೊಂಡು ಹೋಗಿ, ರೆಜಿಮೆಂಟಿನ ಟೋಪಿ ಇಟ್ಟುಕೊಳ್ಳಿ. ಕಂಪನಿಯ ಅತಿಥಿಗೆ ಗೇಟು ತೆಗೆಯಲಿಕ್ಕೆ ಮೆಡಲ್ ಬೇಡ. ಗಾರ್ಡಿನ ಕೆಲಸ ಕಡಿಮೆ ಅಂತ ನಾನು ಹೇಳುತ್ತಿಲ್ಲ. ನಾನೂ ನಿವೃತ್ತಿಯ ಮೇಲೆ ಒಂದು ಗೋಡೌನಿನಲ್ಲಿ ಕೆಲಸ ಮಾಡಿದವನೇ. ಮಾಲೀಕ ತನ್ನ ಏಜೆನ್ಸಿಯ ಬೆಲೆ ಏರಿಸಿಕೊಳ್ಳಲಿಕ್ಕೆ ನಿಮ್ಮ ಎದೆಯನ್ನು ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದಾನೆ, ಸಂಬಳ ಮಾತ್ರ ಅಷ್ಟೇ. ಹೆಚ್ಚು ಕೊಟ್ಟರೂ ಬೇಡ ಅನ್ನಿ.

ಪ್ರಶ್ನೆ: ದೊಡ್ಡ ಮಗ ಅಜ್ಜನ ಹಳೆಯ ಕಾಂಬ್ಯಾಟ್ ಜಾಕೆಟ್ ಹಾಕಿಕೊಂಡು ಸಿಂಹಗಡಕ್ಕೆ ಟ್ರೆಕ್ಕಿಂಗ್ ಹೋಗುತ್ತಾನೆ. ಸಣ್ಣವನಿಗೆ ಶಾಲೆಯಲ್ಲಿ ಫ್ಯಾನ್ಸಿ ಡ್ರೆಸ್, ಅಜ್ಜನ ನಿಜವಾದ ಮೆಡಲ್ ಹಾಕಿ ಕಳಿಸಬೇಕೆಂದು ಆಸೆ. ಅಜ್ಜ ಈಗಿಲ್ಲ. ತಪ್ಪೇ?
— ಓದುಗರು, ಸಿಂಹಗಡ ರಸ್ತೆ

ಉತ್ತರ: ತಂಗೀ, ಕಾನೂನು ನೋಡುವುದು ಉದ್ದೇಶವನ್ನು. ಸೈನಿಕನಲ್ಲದವನು, ಸೈನಿಕನೆಂದು ಜನ ನಂಬಲಿ ಅಂತ ಸೈನಿಕನ ಬಟ್ಟೆ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಮೂರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 140ನೇ ಕಲಮಿನಲ್ಲಿ ಇದೇ ತಪ್ಪಿಗೆ ದಂಡ 500 ಇತ್ತು. ನಿಮ್ಮ ಮಗನಿಗೆ ಆ ಉದ್ದೇಶ ಇಲ್ಲ, ನಿಜ. ಆದರೆ ಸಿಂಹಗಡದ ದಾರಿ ಎಂಥದ್ದು ನೋಡಿ. ಖಡಕವಾಸಲಾದಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ ಎನ್‌ಡಿಎ ಇದೆ, ಆ ಸುತ್ತಿನಲ್ಲಿ ಗೇಟಿನ ಗಾರ್ಡು ಕಾಂಬ್ಯಾಟ್ ತೊಟ್ಟ ಉದ್ದ ಕೂದಲಿನ ಹುಡುಗನನ್ನು ಕಂಡರೆ ನಿಲ್ಲಿಸಿ ಕೇಳಿಯೇ ಕೇಳುತ್ತಾನೆ, ಕೇಳಬೇಕು ಕೂಡ. ಹುಡುಗ ಗಂಟೆಗಟ್ಟಲೆ ಉತ್ತರ ಕೊಡುತ್ತ ಕೂತರೆ ಟ್ರೆಕ್ಕು ಅಲ್ಲೇ ಮುಗಿಯಿತು. ನಿಷೇಧಿತ ಜಾಗದೊಳಗೆ ಹೋಗಲೆಂದೇ ವರ್ದಿ ತೊಟ್ಟರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬೇರೆ ಇದೆ, ಅದು ಇನ್ನೂ ಬಿಗಿ. ಜಾಕೆಟ್ ಮನೆಯಲ್ಲಿರಲಿ. ಅಜ್ಜನ ನೆನಪು ಜೊತೆಗೆ ಬೇಕಾದರೆ ಬೆನ್ನಿಗೆ ಹಾಕುವ ಅವರ ಪಿಟ್ಟು ಚೀಲವೋ ನೀರಿನ ಬಾಟಲಿಯೋ ಇದೆಯಾ ನೋಡಲಿ, ಅದನ್ನು ಯಾರೂ ಕೇಳುವುದಿಲ್ಲ.

ಫ್ಯಾನ್ಸಿ ಡ್ರೆಸ್ಸಿಗೆ ರಟ್ಟಿನ ಮೆಡಲ್ ಮಾಡಿ, ಬಣ್ಣದ ಕಾಗದ ಅಂಟಿಸಿ. ಶಾಲೆಯಲ್ಲಿ ಏಳು ವರ್ಷದ ಹುಡುಗನ ಎದೆಯಿಂದ ಒಂದು ಮೆಡಲ್ ಕಳಚಿ ಬಿದ್ದರೆ ಸಂಜೆ ಮೈದಾನವೆಲ್ಲ ಹುಡುಕಬೇಕಾಗುತ್ತದೆ. ನಿಜವಾದ ಮೆಡಲ್ ಹಾಕಲು ಮನೆಯವರಿಗೆ ಒಂದು ಸಂದರ್ಭ ಇದೆ. ಯುದ್ಧ ಸ್ಮಾರಕದಲ್ಲಿ ಗೌರವ ಸಲ್ಲಿಸುವ ಸಮಾರಂಭಕ್ಕೆ ಹೋಗುವಾಗ ತೀರಿಕೊಂಡ ಸೈನಿಕರ ಹತ್ತಿರದ ಸಂಬಂಧಿಕರು ಅವರ ಮೆಡಲ್‌ಗಳನ್ನು ಸಾದಾ ಉಡುಪಿನ ಬಲ ಎದೆಗೆ ಹಾಕಿಕೊಳ್ಳಲು ಸೇನೆ ಒಪ್ಪಿದೆ. ಎಡಕ್ಕೆ ಹಾಕುವುದು ಗಳಿಸಿದವರು ಮಾತ್ರ. ಘೋರ್ಪಡಿಯ ಯುದ್ಧ ಸ್ಮಾರಕಕ್ಕೆ ಇಬ್ಬರನ್ನೂ ಒಮ್ಮೆ ಕರೆದುಕೊಂಡು ಹೋಗಿ, ಪುಣೆಯ ಜನರೇ ದುಡ್ಡು ಕೂಡಿಸಿ ಕಟ್ಟಿದ ಸ್ಮಾರಕ ಅದು. ಅಲ್ಲಿ ನಿಲ್ಲಿಸಿರುವ ಟ್ಯಾಂಕು, ಮಿಗ್ ವಿಮಾನದ ಎದುರು ಸಣ್ಣವನು ಫ್ಯಾನ್ಸಿ ಡ್ರೆಸ್ ಮರೆಯುತ್ತಾನೆ.

ಪ್ರಶ್ನೆ: ಮಂಗಳವಾರ ಪೇಠೆಯ ಜುನಾ ಬಜಾರಿನಲ್ಲಿ ಭಾನುವಾರ ಹಳೆಯ ನಾಣ್ಯ ಹುಡುಕುವಾಗ ಒಂದು ಮೆಡಲ್ ಸಿಕ್ಕಿತು, ಕೊಂಡೆ. ಅಂಚಿನಲ್ಲಿ ನಂಬರು, ಒಬ್ಬರ ಹೆಸರು ಇದೆ. ಅವರ ಮನೆಯವರಿಗೆ ತಲುಪಿಸಬಹುದೇ? ಅದು ಅಸಲಿಯೇ?
— ವಿದ್ಯಾರ್ಥಿ, ಶಿವಾಜಿನಗರ (ಮೂಲ ಊರು ವಿಜಯಪುರ)

ಉತ್ತರ: ಭಲೆ ತಮ್ಮಾ. ಅಂಚಿನಲ್ಲಿ ಬರಹ ಇದೆ ಅಂದರೆ ಬಹುಮಟ್ಟಿಗೆ ಅಸಲಿ. ಮೆಡಲ್ ಸರ್ಕಾರದಿಂದ ಕೈಗೆ ಬರುವುದು ಎಷ್ಟೋ ಸಲ ತಡವಾಗುತ್ತದೆ, ಅಷ್ಟರಲ್ಲಿ ಪರೇಡ್ ಬಂದುಬಿಡುತ್ತದೆ. ಆಗ ಜವಾನ ದಂಡಿನ ಬಜಾರಿನಲ್ಲಿ ನಕಲು ಕೊಂಡು ಹಾಕಿಕೊಳ್ಳುತ್ತಾನೆ. ಆ ನಕಲಿನ ಅಂಚು ಸಾಮಾನ್ಯವಾಗಿ ನುಣುಪಾಗಿರುತ್ತದೆ, ಕೈಗೆ ಹಗುರ, ಸಿಂಹದ ಲಾಂಛನದಲ್ಲಿ ಮುಖದ ಗೆರೆಗಳು ಕೂಡಿಕೊಂಡಿರುತ್ತವೆ. ಅಂಗಡಿಯ ನಕಲು ಅಂತ ಅದನ್ನು ಕೀಳಾಗಿ ನೋಡಬೇಡ. ಎಷ್ಟೋ ಮನೆಗಳಲ್ಲಿ ಉಳಿದಿರುವುದು ಅದೇ, ಅದನ್ನು ಹಾಕಿದ ಎದೆ ಅಸಲಿಯೇ.

ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ಓದಿ ಬರೆದುಕೋ. ನಂಬರು, ದರ್ಜೆ, ಹೆಸರು, ದಳ ಆ ಕ್ರಮದಲ್ಲಿ ಇರುತ್ತವೆ, ದಳದ ಹೆಸರು ಚುಟುಕಾಗಿರುತ್ತದೆ. ನಂಬರಿನ ಮೊದಲಿಗೆ ಜೆ.ಸಿ. ಇದ್ದರೆ ನಾಯಬ್ ಸುಬೇದಾರರಿಂದ ಮೇಲಿನ ಜೆಸಿಓ (ಜವಾನರಿಗೂ ಆಫೀಸರಿಗೂ ನಡುವಿನ ದರ್ಜೆ), ಐ.ಸಿ. ಇದ್ದರೆ ಆಫೀಸರು, ಬರೀ ಅಂಕಿ ಇದ್ದರೆ ಜವಾನ. ಪ್ರತಿ ದಳಕ್ಕೂ ಒಂದು ರೆಕಾರ್ಡ್ ಆಫೀಸು ಇದೆ. ಬಾಂಬೆ ಸ್ಯಾಪರ್ಸ್‌ನದು ಇಲ್ಲೇ ಖಡಕಿಯಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ. ಅಂಚಿನ ಬರಹ ಮತ್ತು ಫೋಟೋ ಸೇರಿಸಿ ಅಲ್ಲಿಗೆ ರಿಜಿಸ್ಟರ್ಡ್ ಪತ್ರ ಬರಿ. ಮನೆಯ ವಿಳಾಸ ಕೊಡಿ ಅಂತ ಕೇಳಬೇಡ, ಕೊಡುವುದಿಲ್ಲ. ನನ್ನ ಪತ್ರವನ್ನು ಆ ಕುಟುಂಬಕ್ಕೆ ಮುಟ್ಟಿಸಿ ಅಂತ ಕೇಳು. ಹೆಸರನ್ನೂ ನಂಬರನ್ನೂ ವಾಟ್ಸಾಪ್ ಗುಂಪುಗಳಿಗೆ ಹರಿಬಿಡಬೇಡ, ಮೊಮ್ಮಗ ನಾನೇ ಅಂತ ನಾಲ್ಕು ಜನ ಬರುತ್ತಾರೆ.

ಉತ್ತರ ಬರದಿದ್ದರೆ ಆ ದಳದ ರೆಜಿಮೆಂಟಲ್ ಸೆಂಟರಿಗೆ ಕೊಡು, ಹಲವು ಸೆಂಟರುಗಳಲ್ಲಿ ಸ್ವಂತ ಮ್ಯೂಸಿಯಂ ಇದೆ. ಕೊಡುವಾಗ ಎಲ್ಲಿ, ಯಾವಾಗ ಸಿಕ್ಕಿತು ಅಂತ ಒಂದು ಚೀಟಿ ಜೊತೆಗಿರಲಿ. ಮಡಿಕೇರಿಯ ಸನ್ನಿಸೈಡ್ ಮನೆಯಲ್ಲಿ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ 2021ರಲ್ಲಿ ತೆರೆದಿದೆ, ಆ ಕಡೆ ಹೋದಾಗ ನೋಡಿ ಬಾ. ಒಬ್ಬ ಸೈನಿಕನ ವಸ್ತುಗಳನ್ನು ಹೇಗೆ ಜೋಡಿಸಿ ಇಡಬೇಕು ಅನ್ನುವುದು ತಿಳಿಯುತ್ತದೆ.

ಮಾರಿದ ಮನೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಶೌರ್ಯ ಪದಕಕ್ಕೆ ತಿಂಗಳ ಭತ್ಯೆ ಇದೆ, 2017ರ ಆಗಸ್ಟ್‌ನಿಂದ ಪರಮವೀರ ಚಕ್ರಕ್ಕೆ 20,000, ವೀರ ಚಕ್ರಕ್ಕೆ 7,000, ಸೇನಾ ಮೆಡಲ್ಲಿಗೆ 2,000 ಅಂತ ಏರಿಸಿದರು. ನಮ್ಮಂಥವರ ಸೇವಾ ಮೆಡಲ್‌ಗಳಿಗೆ ಒಂದು ಪೈಸೆಯೂ ಇಲ್ಲ. ಏನೆಂದು ಹೇಳುವವರು ಮನೆಯಲ್ಲಿ ಉಳಿಯದಿದ್ದರೆ ಡಬ್ಬಿ ಸಮೇತ ಹೋಗುತ್ತದೆ.

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿದ್ದರು, ಬರ್ಮಾಕ್ಕೆ ಹೋಗಿದ್ದರಂತೆ. ಶನಿವಾರ ಪೇಠೆಯ ನದಿ ಬದಿಯ ವಾಡೆಯಲ್ಲಿ ನಮ್ಮ ಮನೆ ಇತ್ತು. ಪಾನಶೇತ್ ಪ್ರವಾಹದಲ್ಲಿ ಟ್ರಂಕು ತೇಲಿ ಹೋಯಿತು. ಈಗ ಇರುವುದು ವರ್ದಿಯಲ್ಲಿ ತೆಗೆಸಿದ ಒಂದು ಕಪ್ಪು-ಬಿಳುಪು ಫೋಟೋ. ಅದನ್ನು ನೋಡಿ ಯಾವ ಮೆಡಲ್ ಇದ್ದವು ಅಂತ ಹೇಳಬಹುದೇ? ಹೊಸದಾಗಿ ಮಾಡಿಸಬಹುದೇ?
— ಓದುಗರು, ಕೋಥರೂಡ್ (ಮೂಲ ಊರು ಅಥಣಿ)

ಉತ್ತರ: 1961ರ ಜುಲೈ 12 ನಮ್ಮ ಪುಣೆಯ ಎಷ್ಟೋ ಮನೆಗಳ ಕಾಗದಪತ್ರಗಳ ಕೊನೆಯ ದಿನ. ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿಗೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ತಡೆಯಲಿಲ್ಲ. ಪಾನಶೇತ್ ಒಡ್ಡು ನಿಲ್ಲಲಿ ಅಂತ ಮರಳಿನ ಚೀಲ ಹೊತ್ತವರೂ ಫೌಜಿನವರೇ.

ನೀವು ಕಳಿಸಿದ ಫೋಟೋ ನೋಡಿದೆ. ಎದೆಯ ಮೇಲೆ ಮೆಡಲ್ ಇಲ್ಲ, ರಿಬ್ಬನ್ ಪಟ್ಟಿ ಮಾತ್ರ ಇದೆ. ನಮ್ಮ ಎಡದಿಂದ ನೋಡುತ್ತ ಹೋದರೆ ಮೊದಲನೆಯದು ಮೂರು ಸಮ ಪಟ್ಟಿಯದು. ಅದು 1939–45ರ ಸ್ಟಾರ್, ಬಣ್ಣದಲ್ಲಿದ್ದಿದ್ದರೆ ಕಡುನೀಲಿ, ಕೆಂಪು, ತಿಳಿನೀಲಿ. ಎರಡನೆಯದರಲ್ಲಿ ನಡುವೆ ಅಗಲದ ಪಟ್ಟಿ, ಅದರ ಎರಡೂ ಬದಿಯ ಪಟ್ಟಿಯೊಳಗೆ ಒಂದೊಂದು ತೆಳು ಗೆರೆ. ಬರ್ಮಾ ಸ್ಟಾರ್ ಹೀಗೇ ಇರುತ್ತದೆ, ನಡುವೆ ಕೆಂಪು, ಬದಿಗೆ ಕಡುನೀಲಿ, ನೀಲಿಯ ನಡುವೆ ಕಿತ್ತಳೆ. ಕಪ್ಪು-ಬಿಳುಪಿನಲ್ಲಿ ಕೆಂಪು, ನೀಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದಿಯಾಗಿ ಕಾಣುತ್ತವೆ, ಆದರೆ ಆ ತೆಳು ಗೆರೆ ಮೋಸ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಹೇಳುತ್ತ ಬಂದ ಬರ್ಮಾ ಸುದ್ದಿಗೂ ಇದಕ್ಕೂ ತಾಳೆಯಾಗುತ್ತದೆ. ಆಮೇಲಿನದು ಜೇಬಿನ ಮಡಿಕೆಯಲ್ಲಿ ಅಡಗಿದೆ, ಅದರ ಬಗ್ಗೆ ಊಹೆ ಬೇಡ.

ನಕಲು ಮಾಡಿಸಬಹುದು, ಅಡ್ಡಿಯಿಲ್ಲ. ಆದರೆ ಹಿಂದುಗಡೆ ನಕಲು ಅಂತ ಕೊರೆಸಿ, ಮಾಡಿಸಿದ ವರ್ಷವನ್ನೂ ಹಾಕಿಸಿ. ಇಲ್ಲವಾದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಅದೇ ಅಸಲಿ ಅಂತ ಆಗುತ್ತದೆ. ಅದಕ್ಕಿಂತ ಮೊದಲು ಆ ಫೋಟೋವನ್ನು ಒಳ್ಳೆಯ ಸ್ಕ್ಯಾನರಿನಲ್ಲಿ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ. ಟೋಪಿಯ ಬ್ಯಾಜು, ಭುಜದ ಟೈಟಲ್ ಸ್ಪಷ್ಟವಾದರೆ ದಳ ಗೊತ್ತಾಗುತ್ತದೆ, ದಳ ಗೊತ್ತಾದರೆ ಯಾವ ರೆಕಾರ್ಡ್ ಆಫೀಸಿಗೆ ಬರೆಯಬೇಕು ಅನ್ನುವುದು ತಿಳಿಯುತ್ತದೆ. ಅಥಣಿಯ ಮನೆಯಲ್ಲಿ ಮನಿಯಾರ್ಡರಿನ ಹಳೆಯ ರಸೀದಿ, ಮಿಲಿಟರಿ ಕಾರ್ಡು ಏನಾದರೂ ಇದೆಯೇ ಅಂತ ಭಾವ-ಮೈದುನರನ್ನು ಕೇಳಿ. ಅಜ್ಜನ ನಂಬರು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಮಗಳ ಮದುವೆ. ವರ್ದಿ ಹಾಕಿಕೊಳ್ಳಬಹುದೇ? ಕೊನೇಪಕ್ಷ ಮೆಡಲ್?
— ನಿವೃತ್ತ ನಾಯಬ್ ಸುಬೇದಾರ, ದೇಹೂ ರೋಡ್

ಉತ್ತರ: ಸಾಬ್, ಮೊದಲು ಶುಭಾಶಯ. ನಮ್ಮಲ್ಲಿ ನಿವೃತ್ತಿಯೇ ಇಲ್ಲದವರೆಂದರೆ ಫೀಲ್ಡ್ ಮಾರ್ಷಲ್‌ಗಳು, ಅವರು ಬದುಕಿರುವವರೆಗೂ ಸೈನ್ಯದ ಪಟ್ಟಿಯಲ್ಲಿ. ಸೈನ್ಯದಲ್ಲಿ ಆ ಪದವಿ ಸಿಕ್ಕದ್ದು ಮಾಣೆಕ್‌ಷಾ ಮತ್ತು ನಮ್ಮ ಕೊಡಗಿನ ಕಾರ್ಯಪ್ಪನವರಿಗೆ. ನೀವು, ನಾನು ಆ ಪಟ್ಟಿಯಲ್ಲಿ ಇಲ್ಲದ್ದರಿಂದ ವರ್ದಿ ಟ್ರಂಕಿನಲ್ಲೇ ಇರಲಿ.

ಮೆಡಲ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ನಿಯಮ ಅಲ್ಲ. ಧಾರೆ ಎರೆಯುವಾಗ ಮೈಮೇಲೆ ಕೋಟೇ ಇರುವುದಿಲ್ಲ, ಶಲ್ಯ ಇರುತ್ತದೆ. ಶಲ್ಯದ ಮೇಲೆ ಮೆಡಲ್ ಎಲ್ಲಿ ಚುಚ್ಚಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಸಂಜೆ ಆರತಕ್ಷತೆಗೆ ಬಂದ್‌ಗಲಾ ಹೊಲಿಸುತ್ತಿದ್ದರೆ, ಮಗಳು ಹಾಕಿಕೊಳ್ಳಪ್ಪಾ ಅಂತ ಹೇಳಿದರೆ ಹಾಕಿಕೊಳ್ಳಿ. ಅವಳು ಸುಮ್ಮನಿದ್ದರೆ ಬೇಡ, ಅದು ಅವಳ ದಿನ. ಎಲ್ಲ ಮೆಡಲ್‌ಗಳನ್ನೂ ಒಂದೇ ಪಟ್ಟಿಗೆ ಹೊಲಿಸಿ, ಹಿಂದೆ ಎರಡು ಪಿನ್ನು ಇರಲಿ, ಒಂದೇ ಪಿನ್ನಾದರೆ ಅಪ್ಪಿಕೊಳ್ಳುವವರ ಗದ್ದಲದಲ್ಲಿ ಓರೆಯಾಗುತ್ತದೆ. ಹಾರ ಹಾಕಲು ಬಂದವರಿಗೆ ಕೈಯಲ್ಲೇ ಕೊಡಿ ಅನ್ನಿ, ಒದ್ದೆ ಹೂವು ರಿಬ್ಬನ್ನಿಗೆ ಕಲೆ ಮಾಡುತ್ತದೆ. ಮತ್ತೆ, ಹುಬ್ಬಳ್ಳಿ-ಧಾರವಾಡದ ಕಡೆ ಮಾಜಿ ಸೈನಿಕರು ಇಲ್ಲದ ಓಣಿ ಕಡಿಮೆ. ಬೀಗರ ಕಡೆ ಯಾರಾದರೂ ಇದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ, ಅವರೂ ಹಾಕಿಕೊಂಡು ಬರಲಿ.